ಅರ್ಧ ಗಡ್ಡದ ಅಧಿಕಾರಿ

ಆ ಊರಿನ ಸಭೆಗಳಲ್ಲಿ ಒಂದು ಪದ್ಧತಿಯಿತ್ತು. ಯಾವುದಾದರೂ ಕೆಲಸಕ್ಕೆ ಒಬ್ಬನನ್ನು ಸೂಚಿಸಿದಾಗ ಆತ ಬಾಯಿಬಿಟ್ಟು ಬೇಡವೆನ್ನದಿದ್ದರೆ ಒಪ್ಪಿದನೆಂದೇ ಅರ್ಥ. ಅಧ್ಯಕ್ಷೆಯಾದ ಬ್ರೆಡ್ಡಿನಂಗಡಿಯ ಅಕ್ಕ ಲಟ್ಟಣಿಗೆಯಿಂದ ಮೇಜನ್ನು ಮೂರು ಸಲ ಕುಟ್ಟುವಳು. ಮೂರನೆಯ ಏಟಿನೊಳಗೆ ಬಾಯಿ ತೆರೆಯದವನ ಕತೆ ಮುಗಿದಂತೆ. ಹೀಗಾಗಿ ಆ ಊರಿನಲ್ಲಿ ಕೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ವಾಚಾಳಿಗಳಾಗಿದ್ದರು. ಕ್ಷೌರಿಕನೊಬ್ಬನನ್ನು ಬಿಟ್ಟು.

ಮಾತಾಡದ ಕ್ಷೌರಿಕನೆಂದರೆ ಖಾರವಿಲ್ಲದ ಮೆಣಸಿನಕಾಯಿ ಎಂದು ಜನ ನಗುತ್ತಿದ್ದರು. ಅವನಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಇಬ್ಬರಿಗಿಂತ ಹೆಚ್ಚು ಜನ ತನ್ನ ಕಡೆ ನೋಡಿದರೆ ಸಾಕು, ಅವನ ನಾಲಿಗೆ ಬಿಸಿಲಿಗಿಟ್ಟ ಹಪ್ಪಳದಂತೆ ಒಣಗಿ ಸುರುಳಿಯಾಗುತ್ತಿತ್ತು. ಅದರಿಂದಾಗಿ ಸಮುದಾಯ ಭವನದ ಕಸ ಗುಡಿಸುವುದು, ಮೆಟ್ಟಿಲ ಮೇಲಿನ ಹಿಮ ಕೆರೆಯುವುದು, ಛಾವಣಿಯಲ್ಲಿ ಸಿಕ್ಕಿಕೊಂಡ ಬೆಕ್ಕನ್ನು ಇಳಿಸುವುದು ಎಲ್ಲವೂ ವರ್ಷಗಳಿಂದ ಅವನ ತಲೆಗೇ ಬಂದಿದ್ದವು. ಈ ಸಲದ ಸಭೆಯಲ್ಲಿ ಬಂದದ್ದು ಮಾತ್ರ ಬೆಕ್ಕಿನಂಥದ್ದಲ್ಲ, ಹುಲಿಯಂಥದ್ದು.

ಉತ್ತರದ ತುದಿಯಲ್ಲಿದ್ದ ಆ ಪುಟ್ಟ ಊರಿಗೆ ಬೆಚ್ಚಗಿನ ಸಾರ್ವಜನಿಕ ಜಾಗವೆಂದರೆ ಆ ಭವನವೊಂದೇ. ಬೆಳಿಗ್ಗೆ ವಯಸ್ಸಾದವರು ಬಂದು ಒಲೆಯ ಸುತ್ತ ಕೂರುತ್ತಿದ್ದರು, ಸಂಜೆ ಹುಡುಗ ಹುಡುಗಿಯರು. ಎರಡನ್ನೂ ನಡೆಸುವುದು ತಮ್ಮ ಕೈಲಾಗದು, ಒಂದನ್ನು ಮುಚ್ಚಬೇಕು, ಯಾವುದೆಂದು ಅಧಿಕಾರಿಯೊಬ್ಬರು ಮರುದಿನ ಬಂದು ತೀರ್ಮಾನಿಸುತ್ತಾರೆ ಎಂದು ಭವನದ ಖರ್ಚು ಕೊಡುವ ದೊಡ್ಡ ಕಚೇರಿ ತಿಳಿಸಿತ್ತು. ಕಳೆದ ಚಳಿಗಾಲ ಒಲೆ ಕೆಟ್ಟು ಭವನ ಮುಚ್ಚಿದ್ದಾಗ ಏನಾಯಿತೆಂದು ಊರು ಮರೆತಿರಲಿಲ್ಲ. ಒಂಟಿ ಅಜ್ಜಿಯೊಬ್ಬಳು ಮನೆಯಲ್ಲಿ ಜಾರಿಬಿದ್ದು, ಪಕ್ಕದ ಮನೆಯ ನಾಯಿ ಬೊಗಳುವವರೆಗೂ ನೆಲದ ಮೇಲೇ ಬಿದ್ದಿದ್ದಳು. ಹೋಗಲು ಜಾಗವಿಲ್ಲದ ಹುಡುಗರು ಹೆಪ್ಪುಗಟ್ಟಿದ ನದಿಯ ಮೇಲೆ ಆಡಲು ಹೋಗಿ, ಒಬ್ಬ ಕುತ್ತಿಗೆಯವರೆಗೆ ಮುಳುಗಿದ್ದ. ಮಫ್ಲರುಗಳನ್ನು ಒಂದಕ್ಕೊಂದು ಗಂಟುಹಾಕಿ ಅವನನ್ನು ಎಳೆದುಕೊಂಡಿದ್ದರು.

"ಅಧಿಕಾರಿ ಮುಂದೆ ನಮ್ಮೂರಿನ ಪರವಾಗಿ ಯಾರು ಮಾತಾಡ್ತೀರಿ?" ಎಂದು ಅಕ್ಕ ಕೇಳಿದಾಗ ಎಲ್ಲರೂ ಒಟ್ಟಿಗೆ ನೆಪ ಹೇಳಿದರು. ಕ್ಷೌರಿಕನೂ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಲಟ್ಟಣಿಗೆ ಮೂರು ಸಲ ಬಿತ್ತು.

ಮರುದಿನ ಬೆಳಿಗ್ಗೆ ಕ್ಷೌರಿಕ ತಾಯಿ ಮತ್ತು ಮಗಳ ನಡುವೆ ಚಹಾಕ್ಕೆ ಕೂತ.

"ನೋಡಪ್ಪಾ," ಎಂದಳು ಅವನ ತಾಯಿ, "ಹೆತ್ತವಳು ಹೇಳ್ತಿದ್ದೀನಿ. ಬೆಳಗಿನದನ್ನ ಮುಚ್ಚಿಸಿದ್ಯೋ, ಆಮೇಲೆ ದಿನವಿಡೀ ಮನೇಲೇ ಕೂತು ನಿನ್ನ ತಲೆ ತಿಂತೀನಿ."

"ಅಪ್ಪಾ, ಸಂಜೆದು ಹೋದ್ರೆ ನಾವೆಲ್ಲಾ ಮತ್ತೆ ನದಿಗೇ ಹೋಗೋದು," ಎಂದಳು ಮಗಳು. "ನೀನು ಮಫ್ಲರ್ ಹಿಡ್ಕೊಂಡು ದಡದಲ್ಲಿ ನಿಂತಿರು."

ಅತ್ತ ದರಿ, ಇತ್ತ ಪುಲಿ. ದರಿ ಚಹಾ ಹೀರುತ್ತಿತ್ತು, ಪುಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿತ್ತು. ಮಗಳು ತಮಾಷೆಯಾಗಿಯೇ ಹೇಳಿದಳು. ಆದರೆ ಮುಳುಗಿದ ಹುಡುಗನ ನೀಲಿ ತುಟಿಗಳು ಕ್ಷೌರಿಕನ ಕಣ್ಣಿಗೆ ಕಟ್ಟಿದವು. ಪಕ್ಕದಲ್ಲಿ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ ತಾಯಿಯ ಕೈ ಎಷ್ಟು ಸಣ್ಣದಾಗಿದೆಯೆಂದು ಅವನು ಅಂದೇ ಗಮನಿಸಿದ.

ಬೀದಿಗಿಳಿದರೆ ನಿವೃತ್ತ ಮೇಷ್ಟ್ರು ಕಾದಿದ್ದರು.

"ಭಯಾನಾ? ಔಷಧ ನನ್ನ ಹತ್ರ ಇದೆ," ಎಂದವರೇ ತಮ್ಮ ಕೋಟಿನ ಗುಂಡಿಯೊಂದನ್ನು ಕಿತ್ತು ಅವನ ಬಾಯಿಗಿಟ್ಟರು. "ಇದನ್ನ ನಾಲಿಗೆ ಮೇಲಿಟ್ಕೊಂಡು ಮಾತಾಡು. ಗುಂಡಿ ಇಟ್ಕೊಂಡು ಮಾತಾಡಿದವನಿಗೆ ಗುಂಡಿ ತೆಗೆದ ಮೇಲೆ ಮಾತು ಹೊಳೆ ಹರಿದ ಹಾಗೆ ಹರಿಯುತ್ತೆ. ಹೇಳು, ಮಾನ್ಯ ಅಧಿಕಾರಿಗಳೇ..."

"ಮಾವ್ಯ ಅವಿಕಾವಿ..."

"ಭೇಷ್!" ಎಂದು ಹಿಂದಿನಿಂದ ಕೂಗಿದ ಬ್ರೆಡ್ಡಿನಂಗಡಿಯ ಅಕ್ಕ, ಹುರಿದುಂಬಿಸಲೆಂದು ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಅದು. ಗುಂಡಿ ಗುಳುಂ ಎಂದು ಒಳಗೆ ಹೋಯಿತು.

ಮೂವರೂ ಅವನ ಹೊಟ್ಟೆಯ ಕಡೆ ನೋಡಿದರು.

"ಹೋಗ್ಲಿ ಬಿಡು," ಎಂದರು ಮೇಷ್ಟ್ರು, ಬೋಳಾದ ಕೋಟನ್ನು ನೋಡಿಕೊಳ್ಳುತ್ತ. "ಒಳಗಿದ್ರೂ ಕೆಲಸ ಮಾಡುತ್ತೆ."

ಅಂದು ಭವನದಲ್ಲಿ ವಯಸ್ಸಾದವರ ಕ್ಷೌರದ ದಿನ. ಹಿಮದಲ್ಲಿ ಅಂಗಡಿಯವರೆಗೆ ನಡೆಯಲಾರದವರಿಗಾಗಿ ಕ್ಷೌರಿಕ ತನ್ನ ಕುರ್ಚಿಯನ್ನು ಒಲೆಯ ಪಕ್ಕಕ್ಕೇ ಹಾಕುತ್ತಿದ್ದ. ಹಿಮ ಹೆಚ್ಚಾಗಿ ಶಾಲೆಗೆ ರಜೆ ಬಿಟ್ಟಿದ್ದರಿಂದ ಹುಡುಗರೂ ಬಂದು ಗೋಡೆಗೊರಗಿ ನಿಂತಿದ್ದರು. ಒಂದು ಕಡೆ ಕೋಲುಗಳು, ಇನ್ನೊಂದು ಕಡೆ ಕಿಸೆಯಲ್ಲಿ ಕೈಗಳು. ಎಲ್ಲರ ಕಣ್ಣೂ ಬಾಗಿಲ ಮೇಲೆ.

ಬಾಗಿಲು ತೆರೆಯಿತು. ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡ ಅಧಿಕಾರಿ ಒಳಗೆ ಬಂದರು. ಒಲೆಯ ಶಾಖಕ್ಕೆ ಬೇರೆ ದಾರಿಯಿಲ್ಲದೆ ಮಫ್ಲರ್ ಬಿಚ್ಚಿದರು. ಎಡಗೆನ್ನೆ ಕನ್ನಡಿಯಂತೆ ನುಣ್ಣಗಿತ್ತು. ಬಲಗೆನ್ನೆಯಲ್ಲಿ ಕೊಯ್ಲು ಮುಗಿದ ಹೊಲದಂತೆ ಬಿಳಿ ಕೂಳೆ.

"ಲಾಡ್ಜಲ್ಲಿ ಕರೆಂಟ್ ಹೋಯ್ತು," ಎಂದರು ಅವರು ಯಾರೂ ಕೇಳದೆಯೇ. "ಶೇವಿಂಗ್ ಮಿಷನ್ನು ಅರ್ಧದಲ್ಲೇ ನಿಂತ್ಹೋಯ್ತು."

"ಒಂದು ಕಡೆ ಹುಡುಗ, ಒಂದು ಕಡೆ ಮುದುಕ!" ಎಂದಳು ಕ್ಷೌರಿಕನ ತಾಯಿ ಜೋರಾಗಿ. "ನಮ್ಮ ಕೇಸಿಗೆ ಸರಿಯಾದ ಆಸಾಮೀನೇ ಕಳಿಸಿದ್ದಾರೆ."

ಅಧಿಕಾರಿ ಕೆಂಪಾದರು. ಖಾಲಿ ಕುರ್ಚಿ ಕಣ್ಣಿಗೆ ಬಿದ್ದದ್ದೇ ಹೋಗಿ ಕೂತರು. "ಮೊದಲು ಇದನ್ನ ಮುಗಿಸಿ. ಈ ಊರಿನ ಪರವಾಗಿ ಮಾತಾಡೋರು ಯಾರೋ, ಅವರು ಹಾಗೇ ಶುರು ಮಾಡ್ಲಿ."

"ಇವನೇ ಮಾತಾಡೋನು," ಎಂದಳು ಅಕ್ಕ.

ಕ್ಷೌರಿಕನ ಎದೆ ಅವಲಕ್ಕಿ ಕುಟ್ಟತೊಡಗಿತು. ನೊರೆ ಹಚ್ಚಿದ. ಕತ್ತಿಯನ್ನು ಮಸೆದ. ಸದ್ದು ಆ ಕೋಣೆಯಲ್ಲಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಅಧಿಕಾರಿಯ ಗಲ್ಲ ಎತ್ತಿಹಿಡಿದು ಗಂಟಲ ಮೇಲೆ ಕತ್ತಿಯಿಟ್ಟ. ಹೇಳಬೇಕಾದದ್ದೆಲ್ಲ ತಲೆಯಲ್ಲಿತ್ತು: ನೆಲದ ಮೇಲೆ ಬಿದ್ದಿದ್ದ ಅಜ್ಜಿ, ನದಿ, ನೀಲಿ ತುಟಿ. ಬಾಯಿ ತೆರೆದ. ಒಳಗೆ ಗುಂಡಿ ಅಲ್ಲಾಡಿದಂತಾಯಿತೇ ಹೊರತು ಮಾತು ಬರಲಿಲ್ಲ. ಕೈ ನಡುಗತೊಡಗಿತು.

"ಹೇಳಿ," ಎಂದರು ಅಧಿಕಾರಿ.

ಅವನು ಹೇಳಲಿಲ್ಲ. ಭಯದಿಂದ ಕಣ್ಣು ಅಗಲಿಸಿ ಅವರನ್ನೇ ನೋಡಿದ. ಕತ್ತಿ ಗಂಟಲ ಮೇಲೆ ಸಣ್ಣಗೆ ಕುಣಿಯುತ್ತಿತ್ತು.

ಅಧಿಕಾರಿ ಎಂಜಲು ನುಂಗಲು ಹೋಗಿ, ನುಂಗಿದರೆ ಗಂಟಲ ಉಬ್ಬು ಮೇಲೇಳುತ್ತದೆಂದು ನೆನಪಾಗಿ, ಅರ್ಧದಲ್ಲೇ ತಡೆದರು. ಸುತ್ತ ನೋಡಿದರು. ಕೋಲುಗಳು ಮಾತಾಡಲಿಲ್ಲ, ಕಿಸೆಗಳೂ ಮಾತಾಡಲಿಲ್ಲ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಊರು ಅಂದು ಮೊದಲ ಸಲ ಉಸಿರು ಬಿಗಿಹಿಡಿದಿತ್ತು.

"ಸರಿ... ಬೆಳಗಿನದು ಇರ್ಲಿ," ಎಂದರು ತುಟಿ ಅಲುಗದಂತೆ.

ಹಾಗಾದರೆ ಸಂಜೆಯದು ಹೋಯಿತೇ! ಕ್ಷೌರಿಕನಿಗೆ ಮಗಳು ನದಿಯ ಮೇಲೆ ನಡೆಯುತ್ತಿರುವುದು ಕಂಡಿತು. ಕತ್ತಿ ಜೋರಾಗಿ ನಡುಗಿತು.

"ಸಂಜೆದೂ ಇರ್ಲಿ! ಎರಡೂ ಇರ್ಲಿ!"

ಕ್ಷೌರಿಕ ಬೆರಗಾಗಿ ಕಲ್ಲಿನಂತೆ ನಿಂತುಬಿಟ್ಟ. ಕತ್ತಿ ಇದ್ದಲ್ಲೇ ಇತ್ತು.

"ವಯಸ್ಸಾದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ವ್ಯಾನು..." ಎಂದು ಪಿಸುಗುಟ್ಟಿದರು ಅಧಿಕಾರಿ. "ವಾರಕ್ಕೊಂದ್ಸಲ ನರ್ಸು. ಹುಡುಗರಿಗೆ ಆಟ ಹೇಳಿಕೊಡೋಕೆ ಒಬ್ಬ ಮೇಷ್ಟ್ರು. ಹೊಸ ಒಲೆ! ಇನ್ನೇನು ಬೇಕು ಹೇಳ್ರೀ!"

"ಚಹಾಕ್ಕೆ ಸಕ್ಕರೆ," ಎಂದಿತು ಮೂಲೆಯ ಅಜ್ಜನ ದನಿ.

"ಸಕ್ಕರೇನೂ!"

ಭವನ ಬಿರಿಯುವಂತೆ ಚಪ್ಪಾಳೆ ಬಿತ್ತು. ಕ್ಷೌರಿಕ ಬೆಚ್ಚಿಬಿದ್ದ. ಅಧಿಕಾರಿಯ ಗಲ್ಲದ ಕೆಳಗೆ ಸಾಸಿವೆಯಷ್ಟು ರಕ್ತ ಮೂಡಿತು. ಮುಗಿಯಿತು, ಇನ್ನು ಜೈಲೇ ಗತಿ ಎಂದು ಅವನು ಕತ್ತಿಯನ್ನು ಪಕ್ಕಕ್ಕಿಟ್ಟು ಎರಡು ಕೈಯನ್ನೂ ಮುಂದಕ್ಕೆ ಚಾಚಿದ. ಅಧಿಕಾರಿ ಆ ಕೈಗಳನ್ನು ಹಿಡಿದು ಕುಲುಕಿದರು. ಬೆದರಿದೆನೆಂದು ಒಪ್ಪಿಕೊಳ್ಳುವುದಕ್ಕಿಂತ ಮೆಚ್ಚಿದೆನೆನ್ನುವುದು ಅಧಿಕಾರಕ್ಕೆ ಶೋಭೆ ತಾನೇ?

"ಎಷ್ಟು ಊರು ಸುತ್ತಿದ್ದೀನಿ, ಎಲ್ಲಾ ಕಡೆ ಕಿರುಚಾಟ. ಇಷ್ಟು ಗಂಭೀರವಾಗಿ ವಾದ ಮಂಡಿಸಿದವರು ಇವರೊಬ್ಬರೇ. ಆದ್ರೆ ಒಂದು ಮಾತು. ನಾನು ಶಿಫಾರಸು ಮಾಡಬಹುದು ಅಷ್ಟೆ. ಕೊನೇ ತೀರ್ಮಾನ ನಮ್ಮ ನಿರ್ದೇಶಕರದ್ದು. ಇವರು ಈಗ್ಲೇ ನನ್ನ ಜೊತೆ ಕಾರಲ್ಲಿ ಬಂದು, ಉತ್ತರದ ಎಲ್ಲಾ ಊರುಗಳ ಪರವಾಗಿ ಅವರ ಮುಂದೆ ವಾದ ಮಾಡ್ಲಿ."

ಅಕ್ಕ ಲಟ್ಟಣಿಗೆ ಎತ್ತಿದಳು. ಒಂದನೆಯ ಏಟು ಬಿತ್ತು. ಬಾಯಿ ತೆರೆಯಲು ಹೋದ ಕ್ಷೌರಿಕ ಪಕ್ಕದಲ್ಲಿಟ್ಟಿದ್ದ ಕತ್ತಿಯ ಕಡೆ ನೋಡಿದ. ಎರಡನೆಯ ಏಟು. ಅಧಿಕಾರಿಗೆ ಗಡ್ಡವಿದ್ದಂತೆ ನಿರ್ದೇಶಕರಿಗೂ ಇರುತ್ತದೆ. ನೊರೆ ಹಚ್ಚಬೇಕು, ಕತ್ತಿ ಇಡಬೇಕು, ಸುಮ್ಮನಿರಬೇಕು. ಇಷ್ಟೇ ತಾನೇ? ತಾಯಿ ನಗುತ್ತಿದ್ದಳು, ಮಗಳು ಹೆಮ್ಮೆಯಿಂದ ನೋಡುತ್ತಿದ್ದಳು. ಜೀವನದಲ್ಲಿ ಮೊದಲ ಬಾರಿಗೆ ಅವನು ಬೇಕೆಂದೇ ಸುಮ್ಮನಿದ್ದ. ಮೂರನೆಯ ಏಟು ಬಿತ್ತು.

ಅವನು ಅಧಿಕಾರಿಯ ಬಲಗೆನ್ನೆಯನ್ನೂ ನುಣ್ಣಗೆ ಮಾಡಿ, ಕತ್ತಿಯನ್ನು ಒರೆಸಿ, ಬ್ರಷ್ಷು, ಸೋಪು, ಬಟ್ಟಲುಗಳನ್ನು ಜೋಪಾನವಾಗಿ ಚೀಲಕ್ಕೆ ತುಂಬಿದ.

"ಅಯ್ಯೋ, ಅದನ್ನೆಲ್ಲ ಯಾಕ್ರೀ ಹೊತ್ಕೊಂಡು ಬರ್ತೀರಿ?" ಎಂದರು ಅಧಿಕಾರಿ ಮಫ್ಲರ್ ಸುತ್ತಿಕೊಳ್ಳುತ್ತ. "ನಮ್ಮ ನಿರ್ದೇಶಕರು ಮೇಡಮ್ಮು. ಅವರಿಗೆ ಕ್ಷೌರ ಗೀರ ಏನೂ ಬೇಕಾಗಿಲ್ಲ. ದೊಡ್ಡ ಸಭಾಂಗಣ ಇದೆ, ಮೈಕ್ ಇದೆ, ಮುಂದೆ ಇನ್ನೂರು ಜನ ಇರ್ತಾರೆ. ನೀವು ಬರೀ ಮಾತಾಡಿದ್ರೆ ಸಾಕು."

ಕ್ಷೌರಿಕನ ಕೈಯಿಂದ ಬಟ್ಟಲು ಜಾರಿ ಉರುಳಿಕೊಂಡು ಒಲೆಯವರೆಗೂ ಹೋಯಿತು.

"ಬೇಡಾ!" ಎಂದು ಅವನು ಕೂಗಿದ. ಹೊರಗೆ ಛಾವಣಿಯ ಹಿಮ ಧೊಪ್ಪನೆ ಜಾರಿ ಬಿತ್ತು.

ಎಲ್ಲರೂ ಬೆರಗಾಗಿ ಅವನ ಕಡೆ ತಿರುಗಿದರು. ಮರುಕ್ಷಣವೇ ಮತ್ತೆ ಚಪ್ಪಾಳೆ.

"ಕೇಳಿದ್ರಾ!" ಎಂದಳು ಬ್ರೆಡ್ಡಿನಂಗಡಿಯ ಅಕ್ಕ, ಆನಂದದಿಂದ ಕಣ್ಣೊರೆಸಿಕೊಳ್ಳುತ್ತ. "ಎಂಥಾ ಗಂಟಲು! ಮೈಕೂ ಬೇಕಾಗಿಲ್ಲ."

"ನಾನು ಹೇಳಲಿಲ್ವಾ, ಒಳಗಿದ್ರೂ ಕೆಲಸ ಮಾಡುತ್ತೆ ಅಂತ," ಎನ್ನುತ್ತ ಮೇಷ್ಟ್ರು ದಾರಿಗಿರಲೆಂದು ಕೋಟಿನಿಂದ ಇನ್ನೊಂದು ಗುಂಡಿ ಕಿತ್ತರು.