ಲಿಂಗಸುಗೂರು ಒತ್ತಿದರೆ ಅಪ್ಪಾಜಿ

ಕಂಪ್ಯೂಟರ್ ಕಲಿಸುವವನ ಬದುಕಿನಲ್ಲಿ ಪಜೀತಿಗೆ ಬರ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಒಂದು ಸೆಂಟರಿನಲ್ಲಿ ಮಾಸ್ತರನಾಗಿದ್ದೆ. ಮನೆ ಲಿಂಗಸುಗೂರು. ದಿನಾ ಎರಡು ಹೊತ್ತು ಮಸ್ಕಿ ಮೇಲೆ ಹಾಯ್ದು ಬಸ್ಸಿನಲ್ಲಿ ನಿಂತೇ ಓಡಾಟ. ಆ ಬಸ್ಸುಗಳ ಮಾಲೀಕರಾದ ಸಾಹುಕಾರರು ತಮ್ಮ ಬಸ್ಸಿನ ವೇಳೆ ತೋರಿಸುವ ವೆಬ್ ಪುಟ ಬೇಕೆಂದರು. ಪುಟ ಮನಸ್ಸಿಗೆ ಬಂದರೆ ಲಿಂಗಸುಗೂರಿನ ತಮ್ಮ ಮಳಿಗೆಯಲ್ಲಿ ನಮ್ಮ ಸೆಂಟರಿನ ಶಾಖೆಗೆ ಜಾಗ ಕೊಡುವುದಾಗಿಯೂ ಹೇಳಿದರು. ಶಾಖೆ ಆದರೆ ನನ್ನ ನಿಂತು ಮಾಡುವ ಪ್ರಯಾಣ ಮುಗಿದಂತೆ. ನನಗೆ ಬೇಕಾದದ್ದು ಅಷ್ಟೇ.

೧. ವಿಭೂತಿ

ಮೊದಲ ದಿನ ಸೆಂಟರಿಗೆ ಬಂದ ಸಾಹುಕಾರರು ಮೌಸನ್ನು ಅಂಗಾತ ಮಲಗಿಸಿ, ಹೊಟ್ಟೆಯೊಳಗೆ ಉರುಳುವ ರಬ್ಬರ್ ಗುಂಡಿಗೆ ವಿಭೂತಿ ಹಚ್ಚಿ ಕೈ ಮುಗಿದರು. ಅಲ್ಲೇಕೆ ಎಂದು ಕೇಳಿದೆ.

"ತಿರುಗೋದು ಅದಲ್ಲೇನ್ರಿ? ಬಸ್ಸಿಗೂ ನಾವು ಗಾಲಿಗೇ ಹಚ್ಚೋದು."

ಪರದೆಯ ಮೇಲಿನ ಬಾಣ ಅಡ್ಡ ಹೋಗುತ್ತಿತ್ತು, ಉದ್ದ ಹೋಗಲಿಲ್ಲ. ಗುಂಡು ಬಿಚ್ಚಿ ತೊಳೆದು ಒರೆಸಿ ಕೂರಿಸಿದೆ. ತೊಳೆದ ಮೇಲೆ ಪೂಜೆ ಮತ್ತೊಮ್ಮೆ ಮಾಡಬೇಕಲ್ಲ ಎಂದು ಅವರು ಮತ್ತೆ ವಿಭೂತಿ ತೆಗೆದರು.

೨. ಅಪ್ಪಾಜಿ

ಪುಟದಲ್ಲಿ ಒಂದು ನಕ್ಷೆ: ಮೇಲೆ ಲಿಂಗಸುಗೂರು, ನಡುವೆ ಮಸ್ಕಿ, ಕೆಳಗೆ ಸಿಂಧನೂರು. ಮೇಲಿನಿಂದ ಎಷ್ಟು ಕೆಳಗೆ ಒತ್ತಿದ್ದಾರೆ ಎಂದು ಮೌಸ್ ಕೊಡುವ ಅಂಕಿ ನೋಡಿ ಊರು ಗುರುತಿಸುವಂತೆ ಜಾವಾಸ್ಕ್ರಿಪ್ಟಿನಲ್ಲಿ ಬರೆದಿದ್ದೆ. ಸಾಹುಕಾರರು ಎಲ್ಲಕ್ಕಿಂತ ಮೇಲೆ ದೇವರ ಪಟ, ಅದರ ಕೆಳಗೆ ಬಸ್ ಶುರು ಮಾಡಿದ ತಮ್ಮ ಅಪ್ಪಾಜಿಯ ಪಟ ಇರಲೇಬೇಕೆಂದರು. ಅಪ್ಪಾಜಿಯನ್ನು ಒತ್ತಿದರೆ ಅವರು ಯಾವಾಗ ಹುಟ್ಟಿದರು, ಯಾವಾಗ ತೀರಿಕೊಂಡರು ಎಂಬ ವಿವರ ಬರಬೇಕು. ಹಾಕಿದೆ. ನಕ್ಷೆ ಕೆಳಗೆ ಸರಿಯಿತು. ಸೆಂಟರಿನಲ್ಲಿ ಎಲ್ಲ ಸರಿಯಾಗಿತ್ತು.

ಲಿಂಗಸುಗೂರಿನ ಅವರ ಆಫೀಸಿನ ಕಂಪ್ಯೂಟರಿನಲ್ಲಿ ಬ್ರೌಸರ್ ಬೇರೆ. ನಕ್ಷೆ ಕಾಣಲೆಂದು ಪುಟ ಮೇಲೆ ಸರಿಸಿ ಸಿಂಧನೂರು ಒತ್ತಿದರೆ ಮಸ್ಕಿಯ ವೇಳೆ ಬಂತು. ಮಸ್ಕಿ ಒತ್ತಿದರೆ ಲಿಂಗಸುಗೂರಿನದು. ಲಿಂಗಸುಗೂರು ಒತ್ತಿದರೆ "ಲಿಂಗೈಕ್ಯರಾದರು" ಎಂದು ಬಂತು.

ಸಾಹುಕಾರರು ಕನ್ನಡಕ ತೆಗೆದರು. "ಮಾಸ್ತರ, ನಮ್ಮ ಬಸ್ ಹತ್ತಿದವ್ರನ್ನ ಎಲ್ಲಿಗೆ ಕಳಸಾಕತ್ತೀರಿ?"

ಅಪ್ಪಾಜಿಯನ್ನು ನಕ್ಷೆಯ ಕೆಳಗೆ ಇಟ್ಟರೆ ಹೇಗೆ ಎಂದು ಕೇಳಿ ಇನ್ನಷ್ಟು ಬೈಸಿಕೊಂಡೆ.

೩. ಶಾಖೆ

ಮರುದಿನ ಬಸ್ಸಿನಲ್ಲಿ ನಿಂತಾಗ ಹೊಳೆಯಿತು. ರಸ್ತೆಯ ಕಲ್ಲು ದೂರವನ್ನು ಲಿಂಗಸುಗೂರಿನಿಂದ ಎಣಿಸುತ್ತದೆ, ಕಂಡಕ್ಟರ್ ನಾವು ಹತ್ತಿದಲ್ಲಿಂದ ಎಣಿಸುತ್ತಾನೆ. ನಮ್ಮ ಸೆಂಟರಿನ ಬ್ರೌಸರ್ ಪುಟದ ತಲೆಯಿಂದ ಎಣಿಸುತ್ತಿತ್ತು, ಅವರದು ಕಣ್ಣಿಗೆ ಕಾಣುವ ಕಿಟಕಿಯ ತಲೆಯಿಂದ. ಮೇಲೆ ಸರಿದುಹೋದಷ್ಟನ್ನು ಅವರದಕ್ಕೆ ಕೂಡಿಸಿದೆ. ಎರಡರಲ್ಲೂ ಊರುಗಳು ಊರಲ್ಲೇ ನಿಂತವು, ಅಪ್ಪಾಜಿ ಪಟದಲ್ಲೇ ಉಳಿದರು. ಜೀವಕ್ಕೆ ನಿಜಕ್ಕೂ ಹಾಯೆನಿಸಿತು.

ಸಾಹುಕಾರರು ಮೂರೂ ಊರು ಒತ್ತಿ ನೋಡಿ ಬಹಳ ಖುಷಿಪಟ್ಟರು. ನಾನು ಮೆಲ್ಲಗೆ ಶಾಖೆಯ ಮಾತು ತೆಗೆದೆ.

"ಇನ್ನ ಶಾಖೆ ಯಾಕ ಬೇಕ್ರಿ? ಕಲಿಯೋರು ನಮ್ಮ ಬಸ್ ಹತ್ತಿ ಸಿಂಧನೂರಿಗೆ ಹೋಗ್ತಾರ. ಟೈಮು ನೀವೇ ಚಂದಗೆ ಬರದೀರಲ್ಲ."

ಅವರು ಹೇಳಿದಂತೆಯೇ ಆಯಿತು. ಮುಂದಿನ ತಿಂಗಳಿನಿಂದ ಕಲಿಯುವವರೆಲ್ಲ ಅದೇ ಬಸ್ ಹತ್ತಿದರು. ನನಗೆ ನಿಲ್ಲಲಿಕ್ಕೂ ಜಾಗ ಸಿಗಲಿಲ್ಲ.