ಹಿಂದಿನ ಸೀಟಿನ ಪೇಷಂಟ್

ಮಾನ್ಯ ಓದುಗರಿಗೆ,

ವಿಷಯ: ಬೀದರ–ಔರಾದ ರಸ್ತೆಯಲ್ಲಿ ಎರಡೂವರೆ ವರ್ಷದ ಮಗುವನ್ನು ಸುಮ್ಮನಿರಿಸಿದ ನಮ್ಮ ದೊಡ್ಡಮ್ಮನವರ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆಯುವ ಮುನ್ನ ತಮ್ಮಲ್ಲಿ ಕ್ಷಮೆ ಕೋರುವುದು ನನ್ನ ಕರ್ತವ್ಯವಾಗಿರುತ್ತದೆ. ನಾನು ಕಚೇರಿಯಲ್ಲಿ ಪತ್ರ ಬರೆದವಳೇ ಹೊರತು ಪ್ರಬಂಧ ಬರೆದವಳಲ್ಲ. ಅಕ್ಷರವೋ ಕಾಗೆಕಾಲು ಗುಬ್ಬಿಕಾಲು. ಮಹಾಪ್ರಾಣಗಳು ನನ್ನ ಕೈಯಲ್ಲಿ ಎಷ್ಟೋ ಸಲ ಪ್ರಾಣ ಬಿಟ್ಟಿವೆ. ಕಾರಣ, ತಾವು ನಗುವುದಾದಲ್ಲಿ ವಿಷಯಕ್ಕೆ ನಗಬೇಕಾಗಿಯೂ, ಕಾಗುಣಿತಕ್ಕೆ ನಗಬಾರದಾಗಿಯೂ ವಿನಂತಿ.

ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನನ್ನ ತಾಯಿಯ ಅಕ್ಕನವರಾದ ನಮ್ಮ ದೊಡ್ಡಮ್ಮನವರು ಎರಡೂವರೆ ವರ್ಷದ ಮಗುವಿಗಿಂತ ಜೋರಾಗಿ ಅಳಬಲ್ಲರು! ಇದು ಉತ್ಪ್ರೇಕ್ಷೆಯಲ್ಲ, ಸಾಕ್ಷಿಗಳಿದ್ದಾರೆ. ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ನಮೂದಿಸಿದಲ್ಲಿ ಅವರ ಮನೆಯಲ್ಲಿ ನನಗೆ ಮುಂದೆ ಚಹಾ ದೊರೆಯುವುದು ಅನುಮಾನ. ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತರಾಗಿ, ಈಗ ಮನ್ನಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಚೇಳಿಗೆ ಅಂಜಿದವರಲ್ಲ, ಹಾವಿಗೆ ಅಂಜಿದವರಲ್ಲ, ನಮ್ಮ ಚರ್ಚಿನ ಕಮಿಟಿಗಂತೂ ಎಂದೂ ಅಂಜಿದವರಲ್ಲ.

ಆದರೆ ಕಾರು ಹತ್ತುತ್ತಿರಲಿಲ್ಲ. ನನ್ನ ಮದುವೆಯ ದಿನ ಮನ್ನಳ್ಳಿಯಿಂದ ಭಾಲ್ಕಿಗೆ ಎಲ್ಲರೂ ಅಲಂಕರಿಸಿದ ಕಾರಿನಲ್ಲಿ ಹೊರಟರೆ, ಇವರೊಬ್ಬರು ಸರ್ಕಾರಿ ಬಸ್ಸು ಹಿಡಿದರು. ದಾರಿಯಲ್ಲಿ ನಮ್ಮ ಕಾರು ಪಂಚರ್ ಆಗಿ ನಾವು ಬೆವರು ಒರೆಸುತ್ತ ತಲುಪಿದಾಗ, ಇವರು ಮಂಟಪದ ಬಾಗಿಲಲ್ಲಿ ನಿಂತು ನಮಗೇ ಪನ್ನೀರು ಚಿಮುಕಿಸಿದರು! ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅವರ ಉತ್ತರ:

"ಬಸ್ಸಿನಾಗ ಐವತ್ತು ಮಂದಿ ಇರ್ತಾರ, ದೇವರು ಲಕ್ಷ್ಯ ಇಟ್ಟು ನೋಡ್ತಾನ. ಕಾರಿನಾಗ ನಾಕೇ ಮಂದಿ. ಅಂವಗ ಬ್ಯಾರೆ ಕೆಲಸ ಇಲ್ಲೇನು?"

ಇದನ್ನು ನಮ್ಮ ಕುಟುಂಬದವರು ಹಟವೆಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಿದ್ದರು.

ಹೀಗಿರುವಾಗ ನನಗೆ ಔರಾದಿಗೆ ವರ್ಗಾವಣೆಯಾಯಿತು. ಯಜಮಾನರ ಕೆಲಸ ಬೀದರಿನಲ್ಲಿ. ಸೋಮವಾರ ಬೆಳಿಗ್ಗೆ ಅವರು ನನ್ನನ್ನೂ ಮಗಳನ್ನೂ ಕಾರಿನಲ್ಲಿ ಔರಾದಿಗೆ ಬಿಡುವುದು, ಶನಿವಾರ ಕರೆತರುವುದು ಎಂದು ತೀರ್ಮಾನಿಸಲಾಯಿತು. ಆದರೆ ಸದರಿ ತೀರ್ಮಾನಕ್ಕೆ ಸದರಿ ಮಗಳ ಒಪ್ಪಿಗೆ ಪಡೆದಿರಲಿಲ್ಲ.

ಬಾಡಿಗೆ ಮನೆ ನೋಡಲು ಹೋದ ಮೊದಲ ದಿನವೇ ಅದು ತಿಳಿಯಿತು. ಕಾರಿನ ಬಾಗಿಲು ಮುಚ್ಚಿದ್ದೇ ತಡ, ಮಗಳು ಬಾಯಿ ತೆರೆದಳು. ಗಿಲಕಿ ಕೊಟ್ಟೆವು, ಅಪ್ಪನ ತಲೆಗೆ ಎಸೆದಳು. ಬಲೂನು ಕೊಟ್ಟೆವು, ಕಚ್ಚಿದಳು. ಅದು ಒಡೆದ ಸದ್ದಿಗೆ ಯಜಮಾನರು ಕಾರನ್ನು ತೊಗರಿ ಹೊಲದ ಕಡೆಗೆ ತಿರುಗಿಸಿದರು. ಮೊಬೈಲಿನಲ್ಲಿ ಆನೆಯ ಹಾಡು ಹಾಕಿದೆವು, ಆನೆ ಹೆದರಿ ಓಡಬೇಕು, ಹಾಗೆ ಕಿರುಚಿದಳು. ಮಾಂಜ್ರಾ ಸೇತುವೆ ದಾಟಿ ಚಹಾ ಅಂಗಡಿಯೊಂದರ ಮುಂದೆ ನಿಲ್ಲಿಸಿದಾಗ, ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದು ಕಿಟಕಿಯಲ್ಲಿ ಇಣುಕಿದರು.

"ಯಾರ ಕೂಸ್ರಿ ಇದು?"

"ನಮ್ದೇ ರೀ," ಎಂದೆ.

"ನಿಮ್ದಾದ್ರ ಇಷ್ಟ್ಯಾಕ ಅಳ್ಲತ್ತದ?"

ಗಾಬರಿಯಲ್ಲಿ ನಾನು ಕಚೇರಿಯ ಗುರುತಿನ ಚೀಟಿ ತೆಗೆದು ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು:

"ಇದರಾಗ ನಿಮ್ಮ ಫೋಟೋ ಅದ. ಕೂಸಿಂದು ಎಲ್ಲದ?"

ಈ ಸುದ್ದಿ ನಾವು ಮನೆ ಸೇರುವ ಮೊದಲೇ ಭಾಲ್ಕಿ ತಲುಪಿತ್ತು. ಅಲ್ಲಿರುವ ನಮ್ಮ ಅತ್ತೆಯವರು ಮಾತಿನಲ್ಲಿ ಜಿಪುಣರು, ತೀರ್ಪಿನಲ್ಲಿ ಉದಾರಿಗಳು. ಫೋನಿನಲ್ಲಿಯೇ ಆದೇಶ ಹೊರಡಿಸಿದರು.

"ವಾರಕ್ಕ ಎರಡು ಸಲ ಕೂಸಿಗಿ ಈ ತ್ರಾಸ ಬ್ಯಾಡ. ಸುಮ್ಮ ಕೂತು ಹೋದ್ರ ಹೋಗ್ಲಿ. ಇಲ್ಲಾಂದ್ರ ನನ್ನ ಬಲ್ಲಿ ಬಿಡ್ರಿ, ಭಾಲ್ಕಿನ್ಯಾಗೇ ಬೆಳೀತದ. ನೀ ರಜಾ ಇದ್ದಾಗ ಬಂದು ನೋಡ್ಕೊಂಡು ಹೋಗು."

ಬಂದು ನೋಡಿಕೊಂಡು ಹೋಗುವುದು! ಮಗಳೇನು ಅಷ್ಟೂರಿನ ಸುಲ್ತಾನರ ಗುಮ್ಮಟವೇ? ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆ ರಾತ್ರಿ ಮಗಳ ಅಂಗಿಗಳನ್ನು ಮಡಚುತ್ತ, ಅವನ್ನು ಔರಾದಿನ ಚೀಲಕ್ಕೋ ಭಾಲ್ಕಿಯ ಚೀಲಕ್ಕೋ ಹಾಕಬೇಕೆಂದು ತಿಳಿಯದೆ ಕುಳಿತಿದ್ದೆ.

ಸುದ್ದಿ ಮನ್ನಳ್ಳಿಗೂ ಮುಟ್ಟಿರಬೇಕು, ಮರುದಿನ ದೊಡ್ಡಮ್ಮನವರು ಬಸ್ಸಿಳಿದು ಬೀದರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆಯ ಗಂಟು.

"ಔರಾದಕ್ಕ ನಾನೂ ಬರ್ತೇನಿ. ನೀ ಆಫೀಸಿಗಿ ಹೋದಾಗ ಕೂಸಿನ ಬಲ್ಲಿ ಯಾರರೆ ಬೇಕಲ್ಲ?"

"ದೊಡ್ಡವ್ವ, ಕಾರಿನಾಗ ಹೋಗೋದದ," ಎಂದು ನೆನಪಿಸಿದೆ.

"ಗೊತ್ತದ. ನಾ ಏನು ಎತ್ತಿನ ಬಂಡಿ ಕೇಳೀನೇನು?"

ಹೊರಡುವ ಮುನ್ನ ಪ್ರಾರ್ಥನೆಯಾಗಲೇಬೇಕು ಎಂದರು. ಆಗಲಿ ಎಂದೆವು. ನಾಲ್ಕು ಗಾಲಿಗಳಿಗೆ ನಾಲ್ಕು ಪ್ರಾರ್ಥನೆ, ಬ್ರೇಕಿಗೆ ಒಂದು, ಹಾರನ್ನಿಗೆ ಒಂದು! ಮುಗಿಯಿತೆಂದು ಯಜಮಾನರು ಕೀಲಿ ತಿರುಗಿಸಿದರೆ, "ತಡಿಯೋ, ಸ್ಟೆಪ್ನಿ ಉಳದದ," ಎಂದು ಮತ್ತೆ ಕಣ್ಣು ಮುಚ್ಚಿದರು.

ಬಾಗಿಲು ಮುಚ್ಚಿತು. ಮಗಳು ವಾಡಿಕೆಯಂತೆ ಬಾಯಿ ತೆರೆದಳು. ಆದರೆ ಅವಳ ಧ್ವನಿ ಹೊರಡುವ ಮೊದಲೇ ದೊಡ್ಡಮ್ಮನವರ ಧ್ವನಿ ಹೊರಟಿತು.

"ಯಪ್ಪೋ! ಸತ್ತೆನೋ!"

ಯಜಮಾನರು ಬ್ರೇಕ್ ಒತ್ತಿದರು. ಮಗಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು, ಶಬ್ದವಿಲ್ಲ. ತನ್ನ ಹುದ್ದೆಯನ್ನು ಬೇರೊಬ್ಬರು ಆಕ್ರಮಿಸಿಕೊಂಡಾಗ ಯಾರಿಗಾದರೂ ಏನು ತೋಚುತ್ತದೆ?

"ನಂಗ ಅಂಜಿಕಿ ಬರ್ಲತ್ತದವ್ವ," ಎಂದು ದೊಡ್ಡಮ್ಮ ಬಿಕ್ಕುತ್ತ ಮಗಳತ್ತ ಕೈ ಚಾಚಿದರು. "ಏ ಸಿಸ್ಟರ್, ಜರಾ ಕೈ ಹಿಡಕೋರಿ!"

ಮಗಳು ಗಂಭೀರಳಾಗಿ ಕೈ ಹಿಡಿದಳು. ಇನ್ನೊಂದು ಕೈಯಿಂದ ಅವರ ಮೊಣಕಾಲು ತಟ್ಟಿದಳು.

"ಅಂಜಬ್ಯಾಡ ಆಯಿ."

ಆ ಕ್ಷಣದಿಂದ ನಮ್ಮ ಕಾರಿನ ಹಿಂದಿನ ಸೀಟು ದವಾಖಾನೆಯಾಗಿ ಪರಿವರ್ತನೆಗೊಂಡಿತು. ಮಗಳು ಸಿಸ್ಟರ್, ದೊಡ್ಡಮ್ಮ ಪೇಷಂಟ್. ಅಳುವುದಕ್ಕೆ ಸಿಸ್ಟರಿಗೆ ಪುರುಸೊತ್ತೇ ಇಲ್ಲ! ನೀರು ಕುಡಿಸಬೇಕು, ಹಣೆ ಮುಟ್ಟಬೇಕು, ಗುಳಿಗೆ ಕೊಡಬೇಕು. ದೊಡ್ಡಮ್ಮನವರಷ್ಟು ಕೆಟ್ಟ ಪೇಷಂಟನ್ನು ನಾನು ಈವರೆಗೆ ಕಂಡಿರುವುದಿಲ್ಲ.

"ಈ ಗುಳಿಗಿ ಒಲ್ಲೆ. ಕಹಿ ಅದ."

ಮಗಳು ಬಿಸ್ಕತ್ತನ್ನು ನೆಕ್ಕಿ ಪರೀಕ್ಷಿಸಿದಳು. "ಸೀ ಅದ. ನುಂಗು!"

"ಅರ್ಧ ನೀವೇ ತಿಂದ್ರಿ ಏನು? ಎಲ್ಲಾ ದವಾಖಾನ್ಯಾಗೂ ಹಿಂಗೇ ನೋಡ್ರಿ, ಪೇಷಂಟಿನ ಹಾಲು ಸಿಸ್ಟರೇ ಕುಡೀತಾರ!"

ಜೀವಮಾನವಿಡೀ ತಾವು ಕೇಳಿಸಿಕೊಂಡ ದೂರುಗಳನ್ನೆಲ್ಲ ಅವರು ಬಡ್ಡಿ ಸಮೇತ ನನ್ನ ಮಗಳಿಗೆ ಹಿಂದಿರುಗಿಸುತ್ತಿದ್ದರು. ಇಂಜೆಕ್ಷನ್ನಿಗೆ ನನ್ನ ಕಚೇರಿಯ ಪೆನ್ನನ್ನು ಬಳಸಲಾಯಿತು. ಔರಾದಿನಲ್ಲಿ ಇಳಿದಾಗ ದೊಡ್ಡಮ್ಮನವರ ತೋಳಿನ ತುಂಬ ನೀಲಿ ಚುಕ್ಕೆಗಳು. ಮನೆಯ ಮಾಲಕಿಯವರು ಅದನ್ನು ನೋಡಿ, "ಈ ವಯಸ್ಸಿನಾಗ ಹಚ್ಚಿ ಹಾಕಿಸ್ಕೊಂಡೀರೇನ್ರಿ?" ಎಂದು ವಿಚಾರಿಸಿದರು.

ಯಜಮಾನರ ಸ್ಥಿತಿಯೂ ಉತ್ತಮವಾಗಿರಲಿಲ್ಲ. ಅವರು ಆಂಬುಲೆನ್ಸ್ ಡ್ರೈವರ್ ಎಂದು ನೇಮಕಗೊಂಡಿದ್ದರು. ಆದರೆ ಆಂಬುಲೆನ್ಸ್ ಓಡುವಂತಿಲ್ಲ! ಸ್ವಲ್ಪ ವೇಗ ಹೆಚ್ಚಿದರೆ ಸಾಕು, ಹಿಂದಿನಿಂದ ದೊಡ್ಡಮ್ಮನವರ ಕೂಗು: "ಸಾವಕಾಶ ಹೊಡಿಯೋ, ಪೇಷಂಟ್ ಅದಾಳ!" ಅದರ ಬೆನ್ನಿಗೇ ಮಗಳದು: "ಸಾವಕಾಸ!" ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿತು. ಸೈಕಲ್ಲು ಹಿಂದೆ ಹಾಕಿತು. ಒಂದು ಶನಿವಾರ ಕುರಿಯ ಹಿಂಡು ನಮ್ಮನ್ನು ಬಳಸಿಕೊಂಡು ಮುಂದೆ ಸಾಗಿತು. ಹಿಂದೆ ಬರುತ್ತಿದ್ದ ಕುರುಬರು ಕಿಟಕಿಗೆ ಬಾಗಿ ಕೇಳಿದರು:

"ಗಾಡಿ ಕೆಟ್ಟದೇನ್ರಿ ಸಾಹೇಬ್ರ? ದೂಡ್ಲೇನು?"

ಹೀಗೆ ಮಗಳ ಅಳು ನಿಂತಿತು. ಆದರೆ ಅತ್ತೆಯವರಿಗೆ ಈ ವರದಿ ಸಮಾಧಾನ ತರಲಿಲ್ಲ. "ಹಿರೇರಾದವರು ಕೂಸಿನ ಮುಂದ ಅಳೋದಂದ್ರೇನು? ನಾಳಿ ಕೂಸಿಗೂ ಅಂಜಿಕಿ ಹತ್ತತದ," ಎಂದರು. ಅದೊಂದು ಭಾನುವಾರ ನಾವೆಲ್ಲ ಭಾಲ್ಕಿಯಲ್ಲಿ ತಂಗಿದ್ದೆವು. ಸೋಮವಾರ ಬೆಳಿಗ್ಗೆ ಔರಾದಿಗೆ ಹೊರಟಾಗ, ಖುದ್ದಾಗಿ ಪರಿಶೀಲಿಸಲು ಅವರೂ ಕಾರು ಹತ್ತಿದರು. ಮಗಳ ಬಟ್ಟೆಯ ಗಂಟನ್ನು ತಮ್ಮ ಮಡಿಲಲ್ಲಿಯೇ ಇಟ್ಟುಕೊಂಡರು. ಅದರ ಅರ್ಥ ನನಗಾಯಿತು: ಮನಸ್ಸಿಗೆ ಬರದಿದ್ದರೆ ಗಂಟೂ ಮಗುವೂ ಅದೇ ಕಾರಿನಲ್ಲಿ ಭಾಲ್ಕಿಗೆ ಮರಳುತ್ತವೆ.

"ಬೀಗತ್ಯಾರ, ಇವತ್ತ ನಾಟಕ ಬ್ಯಾಡ್ರಿ. ಸುಮ್ಮ ಕೂಡ್ರಿ," ಎಂದರು.

"ಆಯ್ತ್ರಿ," ಎಂದರು ದೊಡ್ಡಮ್ಮ. ಅಷ್ಟೇ.

ನಾನು ಮುಂದಿನ ಸೀಟಿನಲ್ಲಿ. ಹಿಂದೆ ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ದೊಡ್ಡಮ್ಮ, ನಡುವೆ ಮಗಳು. ಬಾಗಿಲು ಮುಚ್ಚಿತು. ಯಾರೂ "ಯಪ್ಪೋ" ಎನ್ನಲಿಲ್ಲ. ಮಗಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನ ಹಳೆಯ ಹುದ್ದೆಗೆ ಮರಳಿ ಹಾಜರಾದಳು. ಅತ್ತೆಯವರು ಲಾಡು ಕೊಟ್ಟರು, ಬಳೆ ಆಡಿಸಿದರು, ಕೊನೆಗೆ, "ಅತ್ರ ಗುಮ್ಮ ಬರ್ತಾನ ನೋಡು!" ಎಂದರು. ಗುಮ್ಮ ಬರುತ್ತಿದ್ದನೋ ಇಲ್ಲವೋ, ಆ ಕಿರುಚಾಟ ಕೇಳಿ ಖಂಡಿತ ಹಿಂದಿರುಗಿರಬೇಕು. ನಾನು ಗಂಟನ್ನೇ ನೋಡುತ್ತಿದ್ದೆ.

ಇದ್ದಕ್ಕಿದ್ದಂತೆ ಅಳು ನಿಂತಿತು.

ತಿರುಗಿ ನೋಡಿದೆ. ಮಗಳು ದೊಡ್ಡಮ್ಮನವರ ಮುಖವನ್ನು ದಿಟ್ಟಿಸುತ್ತಿದ್ದಳು. ಅವರು ಕೊಟ್ಟ ಮಾತಿನಂತೆ ಸುಮ್ಮನೆ ಕುಳಿತಿದ್ದರು. ಕಣ್ಣು ಮುಚ್ಚಿತ್ತು. ತುಟಿ ಬಿಗಿದಿತ್ತು. ಹಣೆಯ ಮೇಲೆ ಬೆವರು. ಒಂದು ಕೈ ಬಾಗಿಲಿನ ಮೇಲಿನ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬೆರಳುಗಳು ಬಿಳುಚಿದ್ದವು. ಮಗಳು ಮೂಗೊರೆಸಿಕೊಂಡು, ಅವರ ಇನ್ನೊಂದು ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಅಂಜಬ್ಯಾಡ ಆಯಿ. ನಾ ಇದ್ದೀನಿ."

ಹಾಗೆಯೇ ಹಿಡಿದುಕೊಂಡು ನಿದ್ದೆ ಹೋದಳು.

ಅತ್ತೆಯವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಬೀಗತ್ಯಾರ, ಕೂಸು ಮಲಗ್ಯದ. ಇನ್ನ ಯಾರಿಗಿ ತೋರಸ್ಲತ್ತೀರಿ?"

"ತೋರಸ್ಲಕ್ಕ ಏನದರಿ," ಎಂದರು ದೊಡ್ಡಮ್ಮ, ಕಣ್ಣು ತೆರೆಯದೆ. "ನನ್ನ ನೌಕರಿ ಎಲ್ಲಾ ಅಪಘಾತದ ವಾರ್ಡಿನ್ಯಾಗೇ ಆಯ್ತು. ಕಾರಿನ್ಯಾಗ ನಕ್ಕೋತ ಹೊಂಟವರ್ನ ನಾ ನೋಡಿಲ್ರಿ. ಹೊತ್ಕೊಂಡು ತಂದವರ್ನ ಅಷ್ಟೇ ನೋಡೀನಿ."

"ಮತ್ತ ಹ್ಯಾಂಗ ಬರ್ತೀರಿ ವಾರವಾರ?"

"ಸಿಸ್ಟರ್ ಕೈ ಹಿಡಕೊಂಡಾರಲ್ರಿ."

ನಾವೆಲ್ಲ ಅವರ ಅಂಜಿಕೆಯನ್ನು ಮೊದಲು ಹಟವೆಂದೆವು, ಆಮೇಲೆ ನಾಟಕವೆಂದೆವು, ಹೊಟ್ಟೆ ಹಿಡಿದು ನಕ್ಕೆವು. ಕಾಯಿಲೆಯನ್ನು ಸರಿಯಾಗಿ ಗುರುತಿಸಿದ್ದು ಎರಡೂವರೆ ವರ್ಷದ ಆ ಸಿಸ್ಟರ್ ಒಬ್ಬಳೇ.

ಅತ್ತೆಯವರು ಮಡಿಲಲ್ಲಿದ್ದ ಗಂಟನ್ನು ತೆಗೆದು ನನ್ನ ಕೈಗಿತ್ತರು. "ಇದು ಔರಾದದಾಗೇ ಇರ್ಲಿ," ಎಂದರು. ನಂತರ ಮಲಗಿದ ಮಗುವಿನ ಮೇಲಿಂದ ಕೈ ಚಾಚಿ, ಆ ಪುಟ್ಟ ಕೈಗಳ ಮೇಲೆ, ಅವುಗಳಲ್ಲಿದ್ದ ಆ ಮುದಿ ಕೈಯ ಮೇಲೆ ತಮ್ಮ ಕೈಯನ್ನಿಟ್ಟರು.

"ಅಂಜಬ್ಯಾಡ ಅಕ್ಕಾ," ಎಂದರು. ಬೀಗತ್ಯಾರ ಎನ್ನಲಿಲ್ಲ. ಮತ್ತೆ ಮಗನತ್ತ ಗದರಿದರು:

"ಸಾವಕಾಶ ಹೊಡಿಯೋ! ಪೇಷಂಟ್ ಅದಾರ, ಕಾಣ್ಸಂಗಿಲ್ಲೇನು?"

ಮೇಲ್ಕಂಡ ಬರಹದಲ್ಲಿ ಕಾಗುಣಿತದ ದೋಷಗಳು ಕಂಡುಬಂದಲ್ಲಿ ತಾವು ದಯಮಾಡಿ ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ. ಹಿಂದಿನ ಸೀಟಿನಲ್ಲಿ ಕುಳಿತವರು ಆಡಿದ ಮಾತುಗಳನ್ನು ಮಾತ್ರ ಅವರು ಆಡಿದಂತೆಯೇ ಇರಗೊಡಬೇಕಾಗಿ ವಿನಂತಿ.