ಶ್ರೀ ಸ್ವತಃ ಅವರ ಗೈರುಹಾಜರಿ

ಜಯನಗರದ ಹಳೇ ಬ್ಲಾಕೊಂದರಲ್ಲಿರುವ ಗಂಗಾಧರಯ್ಯನವರ ಮನೆಯ ಬಚ್ಚಲ ಬಾಗಿಲು ಹನ್ನೊಂದು ವರ್ಷಗಳಿಂದ ಮುಚ್ಚಿಕೊಂಡಿರಲಿಲ್ಲ ಎಂಬುದು ನಿರ್ವಿವಾದ ಸಂಗತಿ. ಮನೆ ಕಟ್ಟಿದ್ದು ಐವತ್ತೆಂಟರಲ್ಲಿ. ಬಾಗಿಲಿನ ಮರ ನೀರು ಕುಡಿದು ಊದಿಕೊಂಡು, ಚಿಲಕ ತನ್ನ ತೂತಿಗೆ ಕಾಲಿಂಚು ದೂರದಲ್ಲೇ ನಿಂತುಬಿಟ್ಟಿತ್ತು. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಒಳಗಿದ್ದಾಗ ಗಂಗಾಧರಯ್ಯ ಕೆಮ್ಮುತ್ತಿದ್ದರು, ಹೆಂಡತಿ ಮಂಗಮ್ಮ ದೇವರನಾಮ ಹಾಡುತ್ತಿದ್ದರು, ಮಗ ನಂದಕುಮಾರ್ ಹದಿನೇಳರ ಮಗ್ಗಿ ಹೇಳುತ್ತಿದ್ದ.

ತೊಂಬತ್ತೇಳರ ಮಳೆಗಾಲಕ್ಕೆ ಮುಂಚೆ ನಂದಕುಮಾರನ ಮದುವೆಯಾಯಿತು. ಹುಡುಗಿ ರಮ್ಯ, ಕುಮಾರಸ್ವಾಮಿ ಲೇಔಟಿನವಳು. ಮನೆ ತುಂಬಿಸುವ ಮೊದಲು ಒಮ್ಮೆ ನೋಡಿಹೋಗಲು ಬಂದ ಅವಳ ತಾಯಿ ನಾರಾಯಣಮ್ಮ ಬಚ್ಚಲ ಬಾಗಿಲನ್ನು ಮೂರು ಸಲ ತಳ್ಳಿ ನೋಡಿದರು.

"ನಮ್ ಹುಡುಗೀಗೆ ಹಾಡೋಕೆ ಬರಲ್ಲ, ಕೆಮ್ಮೂ ಇಲ್ಲ. ಈ ಬಾಗ್ಲು ಮುಚ್ಕೊಂಡಿರೋದನ್ನ ನಾನು ಕಣ್ಣಾರೆ ನೋಡಿದ್ಮೇಲೇ ಅವಳನ್ನ ಕಳ್ಸೋದು," ಎಂದರು.

ಮದುವೆಯಾಗಿಯೂ ಒಂಟಿಯಾದ ಮಗ ಗೋಡೆ ನೋಡುತ್ತ ಕೂತಿದ್ದನ್ನು ಕಂಡು ಗಂಗಾಧರಯ್ಯ ಚಪ್ಪಲಿ ಮೆಟ್ಟಿದರು. ಅಂಗಡಿಗೆ ಹೋಗಿ ಮರ ಕೀಸುವ ಕೀಸುಳಿ ತಂದರು. ಅಂಚನ್ನು ಕಾಲಿಂಚು ಕೀಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಇಲ್ಲಿಯವರೆಗೆ ಯಾವ ತಪ್ಪೂ ನಡೆದಿರಲಿಲ್ಲ. ಆದರೆ ಅವರು ಮೂವತ್ತೆರಡು ವರ್ಷ ಸರ್ಕಾರಿ ಗುಮಾಸ್ತರಾಗಿದ್ದವರು. ಹುಟ್ಟುಗುಣ ಸುಟ್ಟರೂ ಹೋಗದು, ಅದಕ್ಕೊಂದು ಅರ್ಜಿ ಹಾಕಿದರು.

ಹಳೇ ಮನೆಗಳ ದುರಸ್ತಿ ನಿಯಂತ್ರಣ ಕಚೇರಿಯ ನಮೂನೆಯಲ್ಲಿ ಆರನೇ ಕಾಲಂ 'ಕೆಲಸ ನಿರ್ವಹಿಸುವವರು' ಎಂದಿತ್ತು. ಗಂಗಾಧರಯ್ಯ ದುಂಡಗಿನ ಅಕ್ಷರದಲ್ಲಿ 'ಸ್ವತಃ' ಎಂದು ಬರೆದರು.

ಹದಿನೈದು ದಿನಕ್ಕೆ ಆದೇಶ ಬಂತು. "ಬಚ್ಚಲ ಬಾಗಿಲು ಕೀಸುವ ಕಾಮಗಾರಿಯನ್ನು ಶ್ರೀ ಸ್ವತಃ, ಮೇಸ್ತ್ರಿ, ಇವರಿಗೆ ವಹಿಸಲಾಗಿದೆ. ಸದರಿಯವರ ಹೊರತು ಮಾಲೀಕರಾಗಲೀ ಅವರ ಕುಟುಂಬದವರಾಗಲೀ ಬಾಗಿಲಿಗೆ ಉಪಕರಣ ತಾಗಿಸತಕ್ಕದ್ದಲ್ಲ."

ಗಂಗಾಧರಯ್ಯ ಕಚೇರಿಗೆ ಹೋಗಿ ಗುಮಾಸ್ತ ಬೈಲಪ್ಪನವರ ಮೇಜಿನ ಮುಂದೆ ನಿಂತರು.

"ಸಾರ್, ಸ್ವತಃ ಅಂದ್ರೆ ನಾನೇ."

ಬೈಲಪ್ಪ ಫೈಲು ತೆರೆದರು. "ನೀವು ಗಂಗಾಧರಯ್ಯ ಅಲ್ವಾ?"

"ಹೌದು."

"ಮತ್ತೆ? ನೀವಿರೋದು ಎರಡನೇ ಕಾಲಂನಲ್ಲಿ. ಅವ್ರು ಆರನೇ ಕಾಲಂ."

"ಹಾಗಾದ್ರೆ ಆರನೇ ಕಾಲಂ ತಿದ್ದಿಕೊಡಿ."

"ಅದಕ್ಕೇನಂತೆ. ಮೇಸ್ತ್ರಿ ಬದಲಾಯಿಸೋಕೆ ಹಾಲಿ ಮೇಸ್ತ್ರಿ ಒಪ್ಪಿಗೆ ಪತ್ರ ಬೇಕು. ಅವ್ರನ್ನ ಕರ್ಕೊಂಡ್ಬನ್ನಿ." ಬೈಲಪ್ಪ ದನಿ ತಗ್ಗಿಸಿದರು. "ಅಂದ್ಹಾಗೆ, ಅರ್ಜಿ ಕೊಟ್ಟಾಗ ನೀವು ಕಾಫಿಪುಡಿ ತಂದಿದ್ರಿ. ಅವ್ರ ಕಡೆಯಿಂದ ಇನ್ನೂ ಬಂದಿಲ್ಲ."

ಇದರಲ್ಲಿ ನ್ಯಾಯವಿದೆ ಎನ್ನಿಸಿತು ಗಂಗಾಧರಯ್ಯನವರಿಗೆ. ಮರುದಿನ ಶ್ರೀ ಸ್ವತಃ ಅವರ ಪರವಾಗಿ ಅರ್ಧ ಕೆಜಿ ಪುಡಿ, ಚಿಕೋರಿ ಹಾಕದ್ದು, ತಲುಪಿಸಿದರು. ಬೈಲಪ್ಪ ಮೂಸಿ ನೋಡಿ, "ನಿಮಗಿಂತ ಮೇಸ್ತ್ರಿ ಧಾರಾಳಿ," ಎಂದರು.

ಆಮೇಲೆ ಕಾಯುವುದೊಂದೇ ಉಳಿಯಿತು. ಪಕ್ಕದ ಮನೆಯ ದಾಸಪ್ಪ ಸಮಾಧಾನ ಹೇಳಿದರು: "ಮೇಸ್ತ್ರಿ ಅಂದ್ಮೇಲೆ ಹಂಗೇ ಸಾರ್. ನಮ್ಮನೆ ಸಿಂಕು ಬಿಚ್ಚಿದವ್ನು ನಾಳೆ ಬರ್ತೀನಿ ಅಂತ ಹೋಗಿ ನಾಲ್ಕು ವರ್ಷ ಆಯ್ತು. ನಿಮ್ಮವ್ರು ಸುಳ್ಳಾದ್ರೂ ಹೇಳಿಲ್ಲ." ಮಂಗಮ್ಮ ಬೆಳಿಗ್ಗೆ ಕಾಫಿ ಬೆರೆಸುವಾಗ ಒಂದು ಲೋಟ ಹೆಚ್ಚಿಗೆ ಬೆರೆಸಿಡತೊಡಗಿದರು. ಹನ್ನೊಂದು ಗಂಟೆಯಾದರೂ ಯಾರೂ ಬಾರದಿದ್ದರೆ ಅದನ್ನು ಗಂಗಾಧರಯ್ಯನವರೇ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ತಡೆಯಲಾರದೆ ಅವರು ಕೀಸುಳಿ ಹಿಡಿದು ಬಾಗಿಲ ಮುಂದೆ ನಿಂತರು. ಮಂಗಮ್ಮ ಓಡಿಬಂದು ಕೈ ಹಿಡಿದುಕೊಂಡರು.

"ಬೇಡ ಕಣ್ರೀ. ಬೇರೆಯವ್ರು ಕೈ ಹಾಕಿದಾರೆ ಅಂತ ಗೊತ್ತಾದ್ರೆ ಆ ಮೇಸ್ತ್ರಿ ಬಂದ ದಾರೀಲೇ ವಾಪಸ್ ಹೋಗ್ಬಿಡ್ತಾರೆ."

"ಆ ಮೇಸ್ತ್ರಿ ನಾನೇ ಕಣೇ."

"ನೀವಾಗಿದ್ರೆ ಇಷ್ಟೊತ್ತಿಗೆ ಮಾಡಿರ್ತಿರ್ಲಿಲ್ವಾ?"

ಮೂವತ್ತು ವರ್ಷ ಜೊತೆಯಲ್ಲಿದ್ದವಳ ಈ ಮಾತು ಕೇಳಿ ಗಂಗಾಧರಯ್ಯ ಕೀಸುಳಿಯನ್ನು ಅಟ್ಟದ ಮೇಲೆ ಇಟ್ಟರು. ಮನಸ್ಸಿಗೆ ನೋವಾಗಿತ್ತು. ಆದರೆ ಅಂದಿನಿಂದ ಅವರಿಗೂ ಮೇಸ್ತ್ರಿಯ ಮೇಲೆ ಸಣ್ಣಗೆ ಸಿಟ್ಟು ಬರತೊಡಗಿತು.

ಮೂರು ತಿಂಗಳಾದ ಮೇಲೆ ಬೈಲಪ್ಪ ನಾಲ್ವರು ಸಿಬ್ಬಂದಿಯೊಂದಿಗೆ ಬಂದು, ಅಂಗಳದಲ್ಲಿ ನಿಂತು ಓದಿದರು: "ಶ್ರೀ ಸ್ವತಃ ಅವರ ಸತತ ಗೈರುಹಾಜರಿಯ ಹಿನ್ನೆಲೆಯಲ್ಲಿ, ಅವರು ಬರುವವರೆಗೆ ಕಾಮಗಾರಿ ಸ್ಥಳವನ್ನು ಯಥಾಸ್ಥಿತಿಯಲ್ಲಿ ಕಾಪಾಡುವ ಸಲುವಾಗಿ ಸದರಿ ಬಚ್ಚಲಿಗೆ ಮೊಹರು ಹಾಕಲಾಗುವುದು."

ನಾಲ್ವರೂ ಬಾಗಿಲಿಗೆ ಹೆಗಲು ಕೊಟ್ಟರು. ಅದು ಒಮ್ಮೆ ನರಳಿ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಮುಚ್ಚಿಕೊಂಡಿತು. ಅಡ್ಡಕ್ಕೆ ಎರಡು ಹಲಗೆ ಹೊಡೆದು, ಅರಗು ಕಾಯಿಸಿ ಸುರಿದು, ಮುದ್ರೆ ಒತ್ತಿದರು.

ಸುದ್ದಿ ತಿಳಿದು ನಾರಾಯಣಮ್ಮ ಆಟೋದಲ್ಲಿ ಬಂದರು. ಬಾಗಿಲನ್ನು ಮೂರು ಸಲ ತಳ್ಳಿದರು, ಸಂದಿಗೆ ಕಣ್ಣಿಟ್ಟು ನೋಡಿದರು.

"ಸೊಳ್ಳೆನೂ ನುಗ್ಗಲ್ಲ," ಎಂದರು. "ಯಾರು ನಿಮ್ಮ ಮೇಸ್ತ್ರಿ? ನಮ್ಮನೇಲೂ ಒಂದು ಬಾಗ್ಲಿದೆ."

ಶುಕ್ರವಾರ ರಮ್ಯ ಹೊಸಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ನಂದಕುಮಾರನ ಮುಖ ಅರಳಿತು. ಶನಿವಾರ ಬೆಳಿಗ್ಗೆ ಸೋಪಿನ ಡಬ್ಬಿ ಹಿಡಿದು ದಾಸಪ್ಪನವರ ಮನೆಯ ಬಚ್ಚಲ ಸರದಿಯಲ್ಲಿ ಮಾವನ ಹಿಂದೆ ನಿಂತಳು, ಸ್ನಾನ ಮುಗಿಸಿ ಬಂದು ತಾಯಿಗೆ ಫೋನು ಮಾಡಿದಳು.

"ಚೆನ್ನಾಗಿದೀನಮ್ಮ. ನಮ್ಮನೆ ಬಚ್ಚಲ ಬಾಗ್ಲಂತೂ ಸಖತ್ತಾಗಿ ಮುಚ್ಕೊಂಡಿರುತ್ತೆ."

ಒದ್ದೆ ಟವಲು ಹರವುತ್ತಿದ್ದ ಗಂಗಾಧರಯ್ಯನವರಿಗೆ ಆ 'ನಮ್ಮನೆ' ಎಂಬ ಮಾತು ಕೇಳಿ ಕಣ್ಣು ತುಂಬಿ ಬಂತು.